ಗುಲಾಬಿ ಕೆರೆಯ ಮಾತ್ರೆಗಳು

ಪೋರ್ಟ್ ಹ್ಯಾಲರ್ಡ್
14 ನವೆಂಬರ್ 1993

ಮೆರಿನ್,

ನೀನು ಕಳಿಸಿದ ಪೆಟ್ಟಿಗೆ ಬಂದು ತಿಂಗಳ ಮೇಲಾಯ್ತು. ಬರೆಯೋಕೆ ಈಗ ಬಿಡುವಾಗ್ತಿದೆ, ಬೈಕೋಬೇಡ. ಪೋಸ್ಟಾಫೀಸಿನ ಡೊರೀನ್ ಅದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, "ನಿನ್ ತಂಗಿ ಮಿಠಾಯಿ ಕಳಿಸಿದ್ದಾಳೇನೇ?" ಅಂದಳು. ಮಿಠಾಯಿ ಅಲ್ಲ, ನಮ್ಮ ಕೆರೇನೇ ಡಬ್ಬಿಗೆ ತುಂಬಿ ಕಳಿಸಿದ್ದಾಳೆ ಅಂದೆ. ಒಂದು ಮಾತ್ರೆ ತೆಗೆದು ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಇದಕ್ಕಾ ಲಿಂಡ್ಸೆ ದಿನವಿಡೀ ಉಪ್ಪುನೀರಲ್ಲಿ ನಿಂತು ಕಾಲು ಸುಲಿಸಿಕೊಳ್ಳೋದು" ಅಂತ ವಾಪಸ್ ಕೊಟ್ಟಳು.

ಲಿಂಡ್ಸೆಗೆ ಮಾತ್ರ ಹೇಳತೀರದ ಖುಷಿ. ಅವನು ಮಡುಗಳಿಗೆ ನೀರು ಬಿಟ್ಟು, ಕಟ್ಟಿ, ಒಣಗಿಸಿ ಲಾರಿಗೆ ಏರಿಸೋ ಆ ಕೆಂಪು ರಾಡಿ ಪರ್ತ್‌ನ ನಿಮ್ಮ ಲ್ಯಾಬಿಗೆ ಹೋಗಿ ಏನಾಗುತ್ತೆ ಅನ್ನೋದನ್ನ ಇಷ್ಟು ವರ್ಷ ಯಾರೂ ಅವನಿಗೆ ತೋರಿಸಿರಲಿಲ್ಲ. ದಿನಾ ಬೆಳಗ್ಗೆ ಚಹಾದ ಜೊತೆ ಒಂದು ನುಂಗ್ತಾನೆ, ಮಧ್ಯಾಹ್ನ ಇನ್ನೊಂದು. ಈಗ ಅವನ ಅಂಗೈ ನೋಡಬೇಕು ನೀನು. ಕೇಸರಿ ಬಣ್ಣಕ್ಕೆ ತಿರುಗಿದೆ. ಪಬ್ಬಲ್ಲಿ ಎಲ್ಲರೂ ಅವನನ್ನ ಕ್ಯಾರೆಟ್ ಅಂತಲೇ ಕರೀತಾರೆ. ಅವನು ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿ, "ನನ್ ನಾದಿನಿ ಮಾಡಿದ ಮಾಲು ಕಣ್ರಪ್ಪಾ, ನಿಮ್ಮ ಯೋಗ್ಯತೆಗೆ ಬಿಯರೇ ಸಾಕು" ಅಂತಾನೆ.

ಒಂದೇ ಬೇಜಾರು. ಈ ಚಳಿಗಾಲ ಪೂರ್ತಿ ಅವನು ಸಿಗರೇಟು ಮುಟ್ಟಿರಲಿಲ್ಲ ಅಂತ ನಿನಗೆ ಗೊತ್ತಲ್ಲ. ಹೋದ ವಾರ ಹಿತ್ತಲಲ್ಲಿ ತಂಬಾಕು ಸುತ್ತುತ್ತಾ ಕೂತಿದ್ದ. ಏನೋ ಇದು ಅಂದರೆ, "ಮಾತ್ರೆ ನುಂಗಿ ಒಳಗೆ ಕಾವಲುಗಾರನ್ನ ಕೂರಿಸಿದೀನಲ್ಲೇ, ಇನ್ನು ಬಾಗಿಲು ಹಾಕ್ಕೊಂಡು ಯಾಕೆ ಕೂರಲಿ" ಅಂದ. ನಾನು ನಕ್ಕುಬಿಟ್ಟೆ. ನಗಬಾರದಿತ್ತೇನೋ.

ಕ್ರಿಸ್‌ಮಸ್‌ಗೆ ಬಾ.

ನಿನ್ನ ಅಕ್ಕ,
ನೋಲಾ

ಪರ್ತ್
28 ನವೆಂಬರ್ 1993

ಅಕ್ಕ,

ಅಂಗೈ ಬಣ್ಣ ತಿರುಗೋದಕ್ಕೆ ಹೆದರಬೇಡ. ಮಾತ್ರೆ ನಿಲ್ಲಿಸಿದರೆ ಅದೂ ಹೋಗುತ್ತೆ. ಕ್ಯಾರೆಟ್ಟಲ್ಲಿರೋ ಬಣ್ಣವೇ ಅದು. ಒಂದು ಕ್ಯಾರೆಟ್ಟಲ್ಲಿ ಸಿಗೋದಕ್ಕಿಂತ ಎಷ್ಟೋ ಪಾಲು ಹೆಚ್ಚು ನಮ್ಮ ಕೆರೆಯ ಒಂದು ಚಿಟಿಕೆ ಪಾಚಿಯಲ್ಲಿದೆ.

ಇದನ್ನ ಲಿಂಡ್ಸೆಗೆ ಓದಿ ಹೇಳು. ನಾವು ಚಿಕ್ಕವರಿದ್ದಾಗ ಕೆರೆ ಯಾಕೆ ಗುಲಾಬಿ ಅಂತ ಅಪ್ಪನನ್ನ ಕೇಳಿದರೆ, ಸೂರ್ಯ ಬೈದದ್ದಕ್ಕೆ ನಾಚಿಕೊಂಡಿದೆ ಅಂತಿದ್ದ. ಪೂರ್ತಿ ತಪ್ಪೇನಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ ಅದು. ನೆರಳಲ್ಲಿ, ಉಪ್ಪು ಕಮ್ಮಿ ಇರೋ ನೀರಲ್ಲಿ ಇಟ್ಟರೆ ಹಸಿರಾಗೇ ಇರುತ್ತೆ. ಬಿಸಿಲು ಸುಡೋಕೆ ಶುರುವಾಗಿ, ನೀರು ಇಂಗಿ, ಉಪ್ಪು ಮಿತಿಮೀರಿದಾಗ ತನ್ನೊಳಗೆ ಈ ಕೆಂಪು ಕೇಸರಿಯನ್ನ ಕೂಡಿಸಿಕೊಂಡು ಅದರ ಮರೆಯಲ್ಲಿ ಬದುಕುತ್ತೆ. ಸುಡುವುದನ್ನ ತಡೆಯೋ ಈ ಗುಣಕ್ಕೇ ಆಂಟಿಆಕ್ಸಿಡೆಂಟ್ ಅನ್ನೋದು. ತನ್ನನ್ನ ಕಾಯ್ದುಕೊಂಡ ಹಾಗೆ ನಮ್ಮನ್ನೂ ಕಾಯುತ್ತೆ ಅನ್ನೋದು ನಮ್ಮ ನಂಬಿಕೆ. ಹೊಗೆ ಕುಡಿಯೋ ಶ್ವಾಸಕೋಶಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ನನಗಂತೂ ಗೊತ್ತಿಲ್ಲ. ಆದರೆ ಕಾವಲಿದೆ ಅಂತ ಕಳ್ಳನಿಗೆ ಊಟಕ್ಕೆ ಹೇಳಿ ಕಳಿಸ್ತಾರೇನು? ಸಿಗರೇಟು ಬಿಡೋಕೆ ಹೇಳು.

ಇನ್ನೂ ನಾಲ್ಕು ಡಬ್ಬಿ ಕಳಿಸಿದ್ದೀನಿ. ಕ್ರಿಸ್‌ಮಸ್‌ಗೆ ಖಂಡಿತ ಬರ್ತೀನಿ. ಸೀಗಡಿ ನನ್ನ ಖರ್ಚು.

ನಿನ್ನ,
ಮೆರಿನ್

ಪರ್ತ್
20 ಏಪ್ರಿಲ್ 1994

ಅಕ್ಕ,

ಲಿಂಡ್ಸೆ ಇವತ್ತಿನಿಂದ ಮಾತ್ರೆ ನಿಲ್ಲಿಸಲಿ. ಯಾಕೆ ಅಂತ ಕೆಳಗೆ ಬರೀತೀನಿ. ಮೊದಲು ಎದ್ದು ಹೋಗಿ ಅಡುಗೆಮನೆಯಲ್ಲಿರೋ ಡಬ್ಬಿ ಎತ್ತಿಟ್ಟು ಬಾ.

ಫಿನ್ಲೆಂಡಿನಲ್ಲಿ ಸಾವಿರಾರು ಜನ ಸಿಗರೇಟು ಸೇದೋ ಗಂಡಸರಿಗೆ ವರ್ಷಗಟ್ಟಲೆ ಈ ಬಣ್ಣದ ಮಾತ್ರೆ ಕೊಟ್ಟು ನೋಡಿದ್ದಾರೆ. ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗುತ್ತೆ ಅಂತಲೇ ಶುರು ಮಾಡಿದ್ದು. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ ಹೆಚ್ಚಾಗಿದೆ. ವರದಿ ಹೋದ ವಾರ ಅಚ್ಚಾಯ್ತು. ಲ್ಯಾಬಿನಲ್ಲಿ ಯಾರೂ ಅದರ ಬಗ್ಗೆ ಜೋರಾಗಿ ಮಾತಾಡ್ತಿಲ್ಲ. ನಾನು ಮೂರು ಸಲ ಓದಿದೆ, ಪ್ರತಿ ಸಲವೂ ನಾನೇ ತಪ್ಪಾಗಿ ಓದಿರಲಿ ಅಂದುಕೊಂಡು.

ಸೇದದವರಿಗೆ ಅಪಾಯ ಅಂತ ಅದರಲ್ಲೇನೂ ಇಲ್ಲ. ಸೇದೋರಿಗೆ ಇದೆ. ಹೊಗೆ ತುಂಬಿದ ಕಡೆ ಈ ಕಾವಲುಗಾರ ಕಳ್ಳನ ಕಡೆಗೇ ಸೇರಿಕೊಳ್ತಾನೋ ಏನೋ, ಇನ್ನೂ ಯಾರಿಗೂ ಗೊತ್ತಿಲ್ಲ.

ಬೇಗ ಬರಿ.

ಮೆರಿನ್

ಪೋರ್ಟ್ ಹ್ಯಾಲರ್ಡ್
2 ಮೇ 1994

ಮೆರಿನ್,

ನಿನ್ನ ಪತ್ರ ಅವನ ಮುಂದೆ ಇಟ್ಟೆ. ಓದಿದ. ಕೆಲಸದ ಕಡೆ ಕೇಳಿ ಬರ್ತೀನಿ ಅಂದ. ಅವನೊಬ್ಬನೇ ಅಲ್ಲ, ಈ ಸುದ್ದಿ ಅಷ್ಟುಹೊತ್ತಿಗೆ ಮಡುಗಳ ಮೇಲೆಲ್ಲ ಹರಿದಾಡಿತ್ತು. ಮ್ಯಾನೇಜರ್ ಡೆಸ್ಮಂಡ್ ಹೇಲ್ ಎಲ್ಲರನ್ನೂ ನಮ್ಮ ಕ್ಯಾಂಟೀನಿಗೇ ಕರೆಸಿದ. ನಾನು ಕೌಂಟರ್ ಹಿಂದೆ ನಿಂತು ಕೇಳಿಸಿಕೊಂಡೆ. ಫಿನ್ಲೆಂಡಿನವರು ಕೊಟ್ಟದ್ದು ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡಿದ ಮಾಲು, ನಮ್ಮದು ದೇವರು ಕೊಟ್ಟ ಕೆರೆಯಲ್ಲಿ ಬಿಸಿಲಿಗೆ ಬೆಳೆದದ್ದು, ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ ಅಂದ. ಎಲ್ಲರ ಮುಂದೆ ತಾನೂ ಒಂದು ನುಂಗಿ ನೀರು ಕುಡಿದ. ಹೇಲ್ ಸಿಗರೇಟು ಸೇದಲ್ಲ ಅಂತ ಆಗ ನನಗೆ ಹೊಳೀಲಿಲ್ಲ.

ಮನೆಗೆ ಬಂದು ನಾನು ಮತ್ತೆ ಮಾತು ತೆಗೆದೆ. ಲಿಂಡ್ಸೆ ಫ್ರಿಜ್ಜಿನ ಮೇಲೆ ಸಿಕ್ಕಿಸಿದ್ದ ನಿನ್ನ ನವೆಂಬರ್ ಪತ್ರ ಕಿತ್ತು ತಂದು ಕೂತ. "ಹೊಗೆ ಕುಡಿಯೋ ಶ್ವಾಸಕೋಶಕ್ಕೆ ಇದಕ್ಕಿಂತ ಒಳ್ಳೆಯ ಕಾವಲಿಲ್ಲ ಅಂತ ಡಾಕ್ಟರಮ್ಮನೇ ಬರೆದಿದ್ದಾಳಲ್ಲೇ. ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

ಇದಕ್ಕೆ ಉತ್ತರ ನಿನ್ನ ಹತ್ರ ಇದ್ದರೆ ಅವನಿಗೇ ಬರಿ.

ನಿನ್ನ ಅಕ್ಕ,
ನೋಲಾ

ಪರ್ತ್
9 ಮೇ 1994

ಅಕ್ಕ, ಲಿಂಡ್ಸೆ,

ಇಬ್ಬರಿಗೂ ಸೇರಿಸಿ ಬರೀತಿದ್ದೀನಿ.

ಆಗ ಬರೆದದ್ದನ್ನ ನಂಬಿ ಬರೆದಿದ್ದೆ. ಈಗ ಬರೀತಿರೋದನ್ನ ಓದಿ ತಿಳಿದು ಬರೀತಿದ್ದೀನಿ. ಫ್ರಿಜ್ಜಿನ ಮೇಲಿನ ಆ ಪತ್ರ ಹರಿದುಹಾಕಿ, ಇದನ್ನ ಅಂಟಿಸಿಕೊಳ್ಳಿ.

ಹೇಲ್ ಹೇಳಿದ್ದರಲ್ಲಿ ಒಂದು ಮಾತು ನಿಜ. ಅವರು ಕೊಟ್ಟದ್ದು ಕೆರೆಯದಲ್ಲ. ಕೆರೆಯದ್ದು ಬೇರೆ ಥರ ವರ್ತಿಸುತ್ತೆ ಅಂತ ತೋರಿಸಿದವರೂ ಯಾರೂ ಇಲ್ಲ. ಡಬ್ಬಿ ಮೇಲೆ ಒಂದು ಸಾಲು ಎಚ್ಚರಿಕೆ ಹಾಕಿ ಅಂತ ಇಲ್ಲಿ ಕೇಳಿದೆ. ಅಮೆರಿಕದಲ್ಲೂ ಇಂಥದ್ದೇ ಒಂದು ಪರೀಕ್ಷೆ ನಡೀತಿದೆ, ಅದು ಮುಗಿಯೋವರೆಗೆ ಬಾಯಿ ಮುಚ್ಚಿಕೊಂಡಿರು ಅಂದರು. ಕೆಲಸ ಬಿಟ್ಟು ಹೊರಟರೆ ಕೇಳೋರೂ ಇಲ್ಲದಂಗಾಗುತ್ತೆ ಅಂತ ಇಲ್ಲೇ ಇದ್ದೀನಿ.

ಲಿಂಡ್ಸೆ, ಎರಡರಲ್ಲಿ ಒಂದಾದರೂ ಬಿಡು. ಸಿಗರೇಟು ಬಿಟ್ಟರೆ ಮಾತ್ರೆಯ ಭಯವೂ ಬಿಟ್ಟಂಗೆ.

ಮೆರಿನ್

ಪೋರ್ಟ್ ಹ್ಯಾಲರ್ಡ್
27 ಡಿಸೆಂಬರ್ 1994

ಮೆರಿನ್,

ಈ ಕ್ರಿಸ್‌ಮಸ್‌ಗೆ ನೀನು ಬರಲಿಲ್ಲ. ಲ್ಯಾಬಲ್ಲಿ ಕೆಲಸ ಅಂತ ಫೋನಲ್ಲಿ ಹೇಳಿದೆ, ಇರಬಹುದು. ನೀನು ಬಂದು ಮೇಜಿನ ಮೇಲೆ ಮಾತ್ರೆ ಡಬ್ಬಿ ಕಂಡರೆ ನಿನಗೆ ಏನನ್ನೋದು ಅಂತ ಲಿಂಡ್ಸೆ ಮೊದಲೇ ಯೋಚಿಸಿಟ್ಟಿದ್ದ. ಆ ಕಷ್ಟ ತಪ್ಪಿತು ಅವನಿಗೆ.

ಒಂದು ಡಬ್ಬಿ ಎತ್ತಿ ಕಸಕ್ಕೆ ಹಾಕಿದೆ. ಅವನು ಮಾರನೇ ದಿನ ನನ್ನ ಕ್ಯಾಂಟೀನಿಗೇ ಬಂದು, ಕೆರೆ ನೋಡೋಕೆ ಬಸ್ಸಲ್ಲಿ ಬಂದ ಪ್ರವಾಸಿಗಳ ಸಾಲಲ್ಲಿ ನಿಂತು, ನನ್ನ ಕೈಯಿಂದಲೇ ಹೊಸ ಡಬ್ಬಿ ಕೊಂಡುಕೊಂಡ. "ಥ್ಯಾಂಕ್ಸ್ ಮೇಡಂ" ಅಂದ. ಸಾಲಲ್ಲಿದ್ದವರೆಲ್ಲ ನಕ್ಕರು.

ಫೋನಲ್ಲಿ ನೀನು ಕೇಳಿದ ಅವನ ಕೆಮ್ಮು ಅಂಥದ್ದೇನಿಲ್ಲ. ಮೂಡಣ ಗಾಳಿ ಧೂಳು ಎಬ್ಬಿಸೋ ಕಾಲ ಇದು, ಊರಿಗೆ ಊರೇ ಕೆಮ್ಮುತ್ತೆ. ನಾವಿಬ್ಬರೂ ಈ ವಿಷಯ ಮನೇಲಿ ಮಾತಾಡೋದು ಬಿಟ್ಟಿದ್ದೀವಿ. ನೀನೂ ಬಿಡು.

ಹೊಸ ವರ್ಷದ ಶುಭಾಶಯ.

ನೋಲಾ

ಪರ್ತ್
25 ಜನವರಿ 1996

ಅಕ್ಕ,

ಹುಟ್ಟುಹಬ್ಬದ ಕಾರ್ಡು ಬಿಟ್ಟರೆ ನಾವಿಬ್ಬರೂ ಒಂದು ವರ್ಷದಿಂದ ಏನೂ ಬರೆದಿಲ್ಲ. ಇದನ್ನ ಪೇಪರಲ್ಲಿ ಓದೋ ಮೊದಲು ನನ್ನಿಂದಲೇ ತಿಳೀಲಿ ಅಂತ ಬರೀತಿದ್ದೀನಿ.

ಅಮೆರಿಕದ ಪರೀಕ್ಷೆಯನ್ನ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಮುಂದುವರಿಸೋದೇ ತಪ್ಪಾಗುತ್ತೆ ಅಂತ. ಅಲ್ಲೂ ಅದೇ ಕಥೆ, ಮಾತ್ರೆ ತಗೊಂಡವರಲ್ಲೇ ಕ್ಯಾನ್ಸರ್ ಹೆಚ್ಚು. ಆ ಕಾಗದ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಇನ್ನು ಕಾಯೋಕೆ ಏನೂ ಉಳಿದಿಲ್ಲ, ಎಚ್ಚರಿಕೆ ಹಾಕಿ ಅಂದೆ. "ಡಬ್ಬಿ ಮೇಲೆ ಕ್ಯಾನ್ಸರ್ ಅಂತ ಬರೆದರೆ ಯಾರು ಕೊಳ್ತಾರೆ ಮೆರಿನ್? ನಿಮ್ಮೂರಿನ ಮಡುಗಳನ್ನ ನೀನೇ ಮುಚ್ಚಿಸ್ತೀಯಾ?" ಅಂದರು. ನಿನ್ನೆ ಒಬ್ಬ ಪತ್ರಕರ್ತೆಯ ಜೊತೆ ಕೂತು ಎಲ್ಲ ಹೇಳಿದೆ, ನನ್ನ ಹೆಸರು ಹಾಕಿಯೇ ಬರೆಯಿರಿ ಅಂದೆ. ಶನಿವಾರ ಬರುತ್ತೆ.

ಊರಿಗೆ ಏನಾಗಬಹುದು ಅಂತ ಯೋಚಿಸದೆ ಮಾಡಿಲ್ಲ. ಲಿಂಡ್ಸೆಯಂಥವರು ಈ ದೇಶದಲ್ಲಿ ಎಷ್ಟು ಜನ ಇದ್ದಾರೋ, ಬೆಳಗ್ಗೆ ಒಂದು ಕೈಯಲ್ಲಿ ಸಿಗರೇಟು ಇನ್ನೊಂದು ಕೈಯಲ್ಲಿ ನಮ್ಮ ಡಬ್ಬಿ ಹಿಡಿದವರು. ಅವರಿಗೆಲ್ಲ ಪತ್ರ ಬರೆಯೋಕೆ ನನಗೆ ವಿಳಾಸ ಗೊತ್ತಿಲ್ಲ.

ಮೆರಿನ್

ಪೋರ್ಟ್ ಹ್ಯಾಲರ್ಡ್
12 ಫೆಬ್ರವರಿ 1996

ಮೆರಿನ್,

ನಿನ್ನ ಫೋಟೋ ಚೆನ್ನಾಗಿ ಬಂದಿದೆ. ಬಿಳಿ ಕೋಟು ಹಾಕ್ಕೊಂಡೇ ತೆಗೆಸಿಕೊಂಡಿದ್ದೀಯ. ಡೊರೀನ್ ಆ ಪುಟವನ್ನ ಪೋಸ್ಟಾಫೀಸಿನ ಗಾಜಿಗೆ ಒಳಗಡೆಯಿಂದ ಅಂಟಿಸಿದ್ದಾಳೆ. ನನ್ನ ಟಪಾಲನ್ನ ಕೌಂಟರಿನ ಮೇಲೆ ತಳ್ತಾಳೆ, ಕೈಗೆ ಕೊಡೋಲ್ಲ.

ಉತ್ತರದ ಕಡೆಯ ಮಡುಗಳಿಗೆ ನೀರು ಬಿಡೋದು ನಿಲ್ಲಿಸಿದ್ದಾರೆ. ಅರ್ಧಕ್ಕರ್ಧ ಜನರನ್ನ ಮನೆಗೆ ಕಳಿಸಿದರು. ಲಿಂಡ್ಸೆಯನ್ನ ಉಳಿಸಿಕೊಂಡಿದ್ದಾರೆ, ಅದೇ ಇನ್ನೂ ಕಷ್ಟವಾಗಿದೆ. ಕೆಲಸ ಹೋದವರ ಮುಂದೆ ಅವನು ದಿನಾ ಮಡುಗಳ ಕಡೆ ಹೋಗಬೇಕು. ನಮ್ಮ ಯೂಟ್ ಗಾಡಿಯ ಬಾಗಿಲ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ್ದಾರೆ. ಏನಂತ ಬರೆಯೋಲ್ಲ. ನಿನ್ನ ಬಗ್ಗೆ.

ನೀನು ಹೇಳಿದ್ದು ನಿಜವೇ ಇರಬಹುದು. ನನ್ನ ಜಗಳ ಅದರ ಮೇಲಲ್ಲ. ಮೊದಲ ಡಬ್ಬಿ ಕಳಿಸೋವಾಗ ನನ್ನನ್ನ ಕೇಳಲಿಲ್ಲ, ಊರಿನ ಅನ್ನ ಕಿತ್ತುಕೊಳ್ಳೋವಾಗಲೂ ಕೇಳಲಿಲ್ಲ. ಎರಡೂ ಸಲ ನಮಗೆ ಒಳ್ಳೇದಾಗಲಿ ಅಂತಲೇ ಮಾಡಿದೆ. ನಿನ್ನ ಒಳ್ಳೇತನದ ಖರ್ಚು ಯಾವಾಗಲೂ ನಮ್ಮ ತಲೆಗೇ ಬರುತ್ತಲ್ಲ, ಅದೇ ನನಗೆ ಆಶ್ಚರ್ಯ.

ನಿನ್ನ ಕೆಲಸ ಹೋಯ್ತಂತೆ. ಪರ್ತ್‌ನಲ್ಲಿ ಇನ್ನೊಂದು ಸಿಗುತ್ತೆ.

ನೋಲಾ

ಜೆರಾಲ್ಡ್‌ಟನ್ ಆಸ್ಪತ್ರೆ
3 ಜೂನ್ 1996

ಡಾಕ್ಟರಮ್ಮ,

ನಾನು ಲಿಂಡ್ಸೆ. ಹಾಸಿಗೆಯ ಮೇಲೆ ಕೂತು ಬರೀತಿದ್ದೀನಿ, ಅಕ್ಷರ ಡೊಂಕಾದರೆ ಅದು ಸೂಜಿ ಚುಚ್ಚಿರೋ ಕೈಯದ್ದು.

ಎಡಗಡೆ ಶ್ವಾಸಕೋಶದಲ್ಲಿ ಗೆಡ್ಡೆ ಇದೆಯಂತೆ. ಕೊಯ್ಯೋ ಕಾಲ ಮೀರಿದೆ ಅಂದರು. ಈ ಡಾಕ್ಟರು ಬಹಳ ಚಿಕ್ಕವನು, ಹೇಳೋವಾಗ ಅವನ ಮುಖವೇ ಬಿಳಿಚಿಕೊಂಡಿತು. "ಹೋಗಲಿ ಬಿಡಪ್ಪ, ನೀನೇನು ಮಾಡ್ತೀಯ" ಅಂತ ನಾನೇ ಸಮಾಧಾನ ಹೇಳಬೇಕಾಯ್ತು.

ನಾನು ಆಗಲೇ ಹೇಳಿದ್ದೆ ಅಂತ ನೀನು ಬರೆಯೋಲ್ಲ, ಗೊತ್ತು. ಆದರೂ ಮನಸ್ಸಲ್ಲಿ ಅಂದುಕೊಳ್ತೀಯ. ಅಂದುಕೋ. ನಿನ್ನ ಪತ್ರ ನಾನು ನಂಬಲಿಲ್ಲ ಅಂತಲ್ಲ. ಅಷ್ಟು ವರ್ಷ ಆ ನೀರಲ್ಲಿ ನಿಂತು ಬೆಳೆಸಿದ ಮಾಲು ನನಗೇ ಕೆಟ್ಟದ್ದು ಮಾಡುತ್ತೆ ಅಂತ ಒಪ್ಪಿಕೊಳ್ಳೋಕೆ ಆಗಲಿಲ್ಲ. ಮತ್ತೆ, ಅಂಗೈ ಬಣ್ಣ ನನಗೆ ಇಷ್ಟ ಆಗಿತ್ತು.

ಒಂದು ಕೆಲಸ ಮಾಡಿಕೊಡು. ನಾನು ಹೋದ ಮೇಲೆ ನೋಲಾ ಒಂದಲ್ಲ ಒಂದು ದಿನ ನಿನ್ನನ್ನ ಕೇಳ್ತಾಳೆ, ಮಾತ್ರೆಯಿಂದಲೇ ಹೀಗಾಯ್ತಾ ಅಂತ. ಅಲ್ಲ ಅಂತ ಹೇಳು. ಆ ಡಬ್ಬಿಗಳನ್ನ ಕ್ಯಾಂಟೀನಲ್ಲಿ ಮಾರಿದವಳು ಅವಳು, ನನಗೂ ಮಾರಿದ್ದಾಳೆ. ಅದನ್ನ ಹೊತ್ತುಕೊಂಡು ಅವಳು ಬದುಕೋದು ಬೇಡ. ಮೂವತ್ತು ನಲವತ್ತು ವರ್ಷ ಸೇದಿದ್ದು ನಾನು. ಅದರ ಹೆಸರನ್ನ ನಿನ್ನ ಮಾತ್ರೆಗೆ ಬಿಟ್ಟುಕೊಡೋಕೆ ನನಗೂ ಇಷ್ಟ ಇಲ್ಲ.

ನೀನು ಸುಳ್ಳು ಹೇಳೋಳಲ್ಲ ಅಂತ ಇಡೀ ಊರಿಗೆ ಗೊತ್ತು. ಅದಕ್ಕೇ ನೀನು ಹೇಳಿದರೆ ನಂಬ್ತಾಳೆ.

ಲಿಂಡ್ಸೆ

ಪೋರ್ಟ್ ಹ್ಯಾಲರ್ಡ್
20 ಅಕ್ಟೋಬರ್ 1996

ಮೆರಿನ್,

ಲಿಂಡ್ಸೆಯನ್ನ ಮಣ್ಣು ಮಾಡಿದ ದಿನ ಸ್ಮಶಾನದ ಬೇಲಿಯಾಚೆ ನಿನ್ನ ಕಾರು ನಿಂತಿದ್ದು ನೋಡಿದೆ. ನೀನು ಇಳಿಯಲಿಲ್ಲ. ನಾನೂ ಕರೆಯಲಿಲ್ಲ. ಇಳಿದಿದ್ದರೆ ಯಾರಾದರೂ ಏನಾದರೂ ಅಂದುಬಿಡ್ತಿದ್ದರು, ಆಗ ನಾನು ಯಾರ ಕಡೆ ನಿಲ್ಲಬೇಕಿತ್ತು ಅಂತ ಇವತ್ತಿಗೂ ಗೊತ್ತಾಗ್ತಿಲ್ಲ.

ಹೇಲ್ ದೊಡ್ಡ ಹೂವಿನ ಚಕ್ರ ಕಳಿಸಿದ್ದ. ಬಣ್ಣ ಹೊಂದಲಿ ಅಂತಲೋ ಏನೋ, ಎಲ್ಲ ಕೇಸರಿ ಹೂವು. ಅದನ್ನ ತೆಗೆದು ಗೇಟಿನ ಹೊರಗಿಟ್ಟೆ.

ಒಂದು ಮಾತು ಕೇಳೋದಿದೆ. ಸುತ್ತಿ ಬಳಸಿ ಉತ್ತರ ಬೇಡ, ನನಗೆ ಅರ್ಥವಾಗೋ ಹಾಗೆ ಹೇಳು. ಅವನಿಗೆ ಹೀಗಾದದ್ದು ಮಾತ್ರೆಯಿಂದಲಾ?

ನೋಲಾ

ಪರ್ತ್
2 ನವೆಂಬರ್ 1996

ಅಕ್ಕ,

ಅಲ್ಲ.

ಸಿಗರೇಟಿನಿಂದ. ಹದಿನೈದನೇ ವಯಸ್ಸಿಗೇ ಕ್ರೇ ಮೀನಿನ ದೋಣಿ ಹತ್ತಿದವನು, ಅವತ್ತಿನಿಂದ ಸೇದಿದವನು. ಅಷ್ಟು ವರ್ಷದ ಹೊಗೆಯ ಮುಂದೆ ನಮ್ಮ ಮಾತ್ರೆ ಎಷ್ಟರದ್ದು? ಅವನು ತಗೊಂಡದ್ದು ಎರಡು ವರ್ಷ ಚಿಲ್ಲರೆ. ಅವನ ಗೆಡ್ಡೆ ಅದಕ್ಕೂ ಮೊದಲೇ ಶುರುವಾಗಿರಬೇಕು. ಎಲ್ಲ ಲೆಕ್ಕ ಹಾಕಿ ನೋಡಿಯೇ ಹೇಳ್ತಿದ್ದೀನಿ. ಮಾತ್ರೆಗೂ ಅವನ ಸಾವಿಗೂ ಸಂಬಂಧ ಇಲ್ಲ. ನೀನು ಮಾರಿದೆ, ನಾನು ಕಳಿಸಿದೆ ಅನ್ನೋದನ್ನೆಲ್ಲ ಮನಸ್ಸಿನಿಂದ ತೆಗೆದುಹಾಕು.

ನಾನು ಬಂದು ಸ್ವಲ್ಪ ದಿನ ನಿನ್ನ ಜೊತೆ ಇರಲಾ? ಈಗ ನನಗೆ ರಜೆ ಕೇಳಬೇಕಾದವರು ಯಾರೂ ಇಲ್ಲ.

ನಿನ್ನ,
ಮೆರಿನ್

ಪೋರ್ಟ್ ಹ್ಯಾಲರ್ಡ್
17 ನವೆಂಬರ್ 1996

ಮೆರಿನ್,

ಕೊನೆ ಕೊನೆಗೆ ಮಾರ್ಫಿನ್ ಏರಿಸಿದಾಗ ಲಿಂಡ್ಸೆ ಬಾಯಲ್ಲಿ ಯಾವ ಮಾತೂ ನಿಲ್ತಿರಲಿಲ್ಲ. ದೋಣಿಯ ಮೇಲಿನ ಹಳೇ ಜಗಳ, ನಮ್ಮಮ್ಮನ ಅಡುಗೆ, ಎಲ್ಲ ಬಂತು. ನಿನಗೆ ಬರೆದದ್ದೂ ಬಂತು. "ಮೆರಿನ್‌ಗೆ ಹೇಳಿದ್ದೀನಿ, ಅಲ್ಲ ಅಂತಾಳೆ, ನೀನು ನೆಮ್ಮದಿಯಾಗಿರು" ಅಂದ. ಹೇಳಿದ್ದು ಅವನಿಗೆ ನೆನಪೂ ಉಳೀಲಿಲ್ಲ.

ಹಾಗಾಗಿ ನಿನ್ನನ್ನ ಕೇಳೋವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಕೇಳಿದೆ ಅಂದರೆ, ನೀನು ಅವನ ಮಾತು ಮೀರಿ ನನಗೆ ಇದ್ದದ್ದನ್ನ ಹೇಳ್ತೀಯೇನೋ ಅನ್ನೋ ಆಸೆ. ಇದ್ದದ್ದು ಏನು ಅಂತಲೂ ನನಗೆ ಗೊತ್ತು. ಜೆರಾಲ್ಡ್‌ಟನ್‌ನ ಆ ಹುಡುಗ ಡಾಕ್ಟರನ್ನ ಆಗಲೇ ಕೇಳಿದ್ದೆ. "ಸೇದುವವರಲ್ಲಿ ಕೆಲವರಿಗೆ ಹೇಗೂ ಬರುತ್ತೆ ಮಿಸೆಸ್ ಪ್ಯಾಸ್ಕೋ, ಮಾತ್ರೆ ತಗೊಂಡರೆ ಇನ್ನೂ ಕೆಲವರಿಗೆ ಬರುತ್ತೆ. ನಿಮ್ಮ ಯಜಮಾನರು ಯಾವ ಗುಂಪಿನವರು ಅಂತ ಭೂಮಿ ಮೇಲೆ ಯಾರೂ ಹೇಳೋಕಾಗಲ್ಲ" ಅಂದ. ಹೊರಗೆ ಬಂದು ಪಾರ್ಕಿಂಗಲ್ಲಿ ಗಾಡಿಯೊಳಗೆ ಕೂತು ಅತ್ತೆ. ಆದರೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ.

ನಿನ್ನಿಂದಲೂ ಅಷ್ಟೇ ಬೇಕಾಗಿತ್ತು. ಗೊತ್ತಿಲ್ಲ ಅಕ್ಕ, ಯಾವತ್ತೂ ಗೊತ್ತಾಗಲ್ಲ ಅಂದಿದ್ದರೆ, ಬಾ ಅಂತಿದ್ದೆ. ನಾವಿಬ್ಬರೂ ಗೊತ್ತಿಲ್ಲದೇ ಒಂದೇ ಮನೇಲಿ ಇರಬಹುದಿತ್ತು. ಇಡೀ ದೇಶಕ್ಕೆ ನಿಜ ಹೇಳೋಕೆ ನೀನು ಊರು ಕಳಕೊಂಡೆ, ಕೆಲಸ ಕಳಕೊಂಡೆ. ನನ್ನೊಬ್ಬಳ ಪಾಲಿಗೆ ಮಾತ್ರ ಸುಳ್ಳು ಸಾಕು ಅನ್ನಿಸ್ತು ನಿನಗೆ. ಲಿಂಡ್ಸೆಗೆ ಹಾಗನ್ನಿಸಿದ್ದರೆ ಅದು ಬೇರೆ, ಅವನು ಸಾಯ್ತಿದ್ದ.

ಹೋದ ವಾರ ಹೇಲ್ ಒಂದು ಸುರುಳಿ ಚೀಟಿ ತಂದು ಕೌಂಟರಿನ ಮೇಲಿಟ್ಟ. ಹಳೇ ಡಬ್ಬಿಗಳಿಗೆಲ್ಲ ಅಂಟಿಸಬೇಕಂತೆ, ಮೇಲಿನಿಂದ ಅಪ್ಪಣೆ ಬಂದಿದೆಯಂತೆ. ಧೂಮಪಾನ ಮಾಡುವವರು ಬಳಸಬಾರದು. ನಾಲ್ಕೇ ಪದ. ನೀನು ಕೇಳಿದ್ದು ಕೊಟ್ಟಿದ್ದಾರೆ. ನಿನ್ನೆ ಸಂಜೆವರೆಗೂ ಕೂತು ಅಂಟಿಸಿದೆ. ಅಕ್ಷರ ಎಷ್ಟು ಸಣ್ಣದು ಅಂದರೆ ಓದೋಕೆ ನನಗೆ ಕನ್ನಡಕ ಬೇಕಾಯ್ತು.

ಸದ್ಯಕ್ಕೆ ಬರಬೇಡ. ಬರೆಯಲೂ ಬೇಡ.

ನೋಲಾ